ಗಾಬರಿ ಅನ್ನಬಾರದ ಕೋಣೆ

ಆಂಬುಲೆನ್ಸ್ ಕರೆ ತೆಗೆದುಕೊಳ್ಳುವ ನಮ್ಮ ಕೋಣೆಯಲ್ಲಿ ಒಂದು ಮಾತು ನಿಷಿದ್ಧ: ಗಾಬರಿ. 'ಗಾಬರಿಯಾಗಬೇಡಿ' ಅಂದರೆ ಸಾಕು, ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದವರ ಕೈಕಾಲೂ ತಣ್ಣಗಾಗುತ್ತವೆ. ಭಯಕ್ಕೆ ಒಂದು ಕಾರಣವಿರುತ್ತದೆ, ದಿಗಿಲು ಹೊಟ್ಟೆಯೊಳಗೆ ಕಾದು ಕೂತಿರುತ್ತದೆ; ಈ ಗಾಬರಿಗೆ ಮಾತ್ರ ಬಾಗಿಲು ತಟ್ಟಿ ಬರುವ ಸೌಜನ್ಯವಿಲ್ಲ. ಹೊಸದಾಗಿ ಸೇರಿದವರಿಗೆ ಇದನ್ನೆಲ್ಲ ನಾನೇ ಹೇಳಿಕೊಡುವುದು.

ನನ್ನ ತಂಗಿಯ ಗಂಡನಿಗೋ ಅದು ಬಾಯಿಪಾಠ. ಹಾಲು ಉಕ್ಕಿದರೂ "ಅಕ್ಕ, ಗಾಬರಿಯಾಗ್ಬೇಡ" ಅಂತಲೇ ಫೋನು. ಬೀಗದ ಕೈ ಕಳೆದರೂ ಅದೇ. ಬಾಯಿಬಡುಕ ಅಂತಲೇ ಅವನಿಗೆ ನಮ್ಮಲ್ಲಿ ಹೆಸರು. ಹೆರಿಗೆ ನೋವು ಶುರುವಾಗಿ ತಂಗಿಯನ್ನು ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದ ಇವತ್ತು ಬೆಳಗ್ಗೆಯೂ ಅದೇ ರಾಗ. ಅವಳಿಗೆ ರಕ್ತ ಕಡಿಮೆಯಿದೆಯೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ರೇಗಿದೆ.

"ಆ ಮಾತು ಇನ್ನೊಂದ್ಸಲ ಆಡಿದ್ರೆ ನೋಡು! ಇಲ್ಲಿ ನಾವು ಮಾತಾಡೋ ಹಾಗೆ ಮಾತಾಡೋದು ಕಲಿ. ಮೆಲ್ಲಗೆ, ಒಂದೊಂದೇ ವಿಷಯ."

"ಆಯ್ತು ಮಹಾರಾಯ್ತಿ," ಅಂದ.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊರಿನವರ ಮುರಿದ ಕಾಲು, ಸುಟ್ಟ ಕೈ ಎಲ್ಲ ಕೇಳಿಸಿಕೊಳ್ಳುತ್ತಿದ್ದರೂ ಕಣ್ಣು ಮಾತ್ರ ನನ್ನ ಮೊಬೈಲಿನ ಮೇಲೆ. "ಹೆರೋದು ನೀನಾ, ಅವಳಾ?" ಅಂತ ಪಕ್ಕದ ಮೇಜಿನವಳು ಛೇಡಿಸಿದಳು. ನಗು ಬರಲಿಲ್ಲ. ಅವಳು ತಂದಿಟ್ಟ ಚಹಾ ಕೆನೆಗಟ್ಟಿತು.

ಮಧ್ಯಾಹ್ನ ಫೋನು ಬಂತು.

"ಅಕ್ಕ, ಊಟ ಆಯ್ತಾ?" ಅಷ್ಟು ಮೆಲ್ಲಗೆ ಅವನು ಜನ್ಮದಲ್ಲಿ ಮಾತಾಡಿದವನಲ್ಲ. "ಕೂತಿದ್ದೀಯಾ? ಮಗು ಚೆನ್ನಾಗಿದೆ. ಹೆಣ್ಣು. ಇವಳಿಗೆ ರಕ್ತ ನಿಲ್ತಾ ಇಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಬಂದಿದ್ದೀವಿ. ನಿಂದೂ ಅವಳದೂ ಒಂದೇ ರಕ್ತದ ಗುಂಪು ಅಲ್ವಾ? ಸ್ವಲ್ಪ ಬರ್ತೀಯಾ?"

'ಗಾಬರಿಯಾಗ್ಬೇಡ' ಅಂದದ್ದಕ್ಕೆ ಅವನಿಗೆ ನೂರು ಸಲ ಬೈದವಳು ನಾನು. ಈಗ ಅದಿಲ್ಲದೆ ಬಂದ ತಣ್ಣನೆಯ ದನಿಯನ್ನು ತಡೆದುಕೊಳ್ಳಲಾಗಲಿಲ್ಲ. ಹ್ಞೂಂ ಅಂದೆನೋ ಇಲ್ಲವೋ, ಫೋನನ್ನು ಮೇಜಿನ ಮೇಲೇ ಬಿಟ್ಟು ದಡದಡನೆ ಮೆಟ್ಟಿಲಿಳಿದು ಓಡಿದೆ. ಕೈ ಅಡ್ಡ ಹಿಡಿದದ್ದಕ್ಕೆ ಒಂದು ಟ್ಯಾಕ್ಸಿ ನಿಂತಿತು.

"ಬೇಗ ಹೋಗಪ್ಪಾ, ದೊಡ್ಡಾಸ್ಪತ್ರೆಗೆ."

"ಯಾವ್ದಮ್ಮಾ? ಊರಲ್ಲಿ ಮೂರಿವೆ."

ಯಾರೇ ಕರೆ ಮಾಡಲಿ, ಹೆಸರಿಗೂ ಮೊದಲು ನಾವು ಕೇಳುವುದು ಒಂದೇ: ಎಲ್ಲಿದ್ದೀರಿ? ಅದೊಂದನ್ನು ನಾನು ಕೇಳಿರಲಿಲ್ಲ.