ಹೊಸ್ತಿಲಲ್ಲಿ ನಿಂತ ದೋನ್ ಲಿಸಾಂದ್ರೊ

ದೋನ್ ಲಿಸಾಂದ್ರೊ ಬುಸ್ತಿಲ್ಯೊ ಯಾರ ಮನೆಗೆ ಹೋದರೂ ನೇರವಾಗಿ ಒಳಗೆ ಕಾಲಿಟ್ಟವರಲ್ಲ. ಹೊಸ್ತಿಲ ಈಚೆ ನಿಂತು, ಬಿಳಿಯ ಟೋಪಿಯನ್ನು ತೆಗೆದು ಎದೆಗೆ ಹಿಡಿದು, "ಒಳಗೆ ಯಾರಿದ್ದಾರೆ?" ಎಂದು ಕೇಳುವರು, ಉತ್ತರ ಬಂದ ಮೇಲೆಯೇ, ಅದೂ ಉತ್ತರ ಹಿತವಾಗಿದ್ದರೆ ಮಾತ್ರ, ಹೆಜ್ಜೆ ಮುಂದಿಡುವರು. ಸ್ವಂತ ಮನೆಯ ಬಾಗಿಲಲ್ಲೂ ಇದೇ ಪ್ರಶ್ನೆಯಂತೆ. "ಮದುವೆಯಾದಾಗಿಂದ ನಾನೇ ಇದೀನಿ ಅಂತ ಹೇಳ್ತಾನೇ ಬಂದಿದೀನಿ, ಇನ್ನೂ ನಂಬಿಕೆ ಬಂದಿಲ್ಲ ಅವರಿಗೆ" ಎಂದು ಅವರ ಹೆಂಡತಿ ನಗುತ್ತಾರೆ.

ಹೊಂಡುರಾಸಿನ ಪೂರ್ವದ ಗುಡ್ಡಗಳಲ್ಲಿ ಅಡಗಿರುವ ನಮ್ಮ ಸಾನ್ ಗಾಸ್ಪರ್ ಊರಿಗೆ ಅವರು ಮೇಯರು. ನಾನು ಇಲ್ಲಿನ ಶಾಲೆಯಲ್ಲಿ ಸಾಹಿತ್ಯ ಕಲಿಸಿ ನಿವೃತ್ತನಾದವನು. ನನ್ನ ಮಗಳ ದೀಕ್ಷಾಸ್ನಾನದ ದಿನ ಅವಳನ್ನು ಕೈಯಲ್ಲಿ ಎತ್ತಿ ಹಿಡಿದವರು ಅವರೇ; ಅಂದಿನಿಂದ ನಮ್ಮ ವಾಡಿಕೆಯಂತೆ ನಾವಿಬ್ಬರೂ ಕೊಂಪಾದ್ರೆಗಳು, ಎಂದರೆ ರಕ್ತಸಂಬಂಧವಿಲ್ಲದ ಅಣ್ಣತಮ್ಮಂದಿರು. ಆದ್ದರಿಂದ ಅವರನ್ನು ಹತ್ತಿರದಿಂದ ನೋಡುವ ಭಾಗ್ಯ, ಅದನ್ನು ಭಾಗ್ಯವೆನ್ನುವುದಾದರೆ, ನನಗೆ ಯಥೇಚ್ಛವಾಗಿ ದೊರೆತಿದೆ.

ಸ್ಥೂಲಕಾಯದ ಆ ಮನುಷ್ಯ ಬೀದಿಯಲ್ಲಿ ನಡೆಯುವುದು ಗೋಡೆಯ ಪಕ್ಕದಲ್ಲೇ, ಒಂದು ಭುಜವನ್ನು ತುಸು ಮುಂದೆ ಮಾಡಿ, ಬೀದಿಯ ನಡುಭಾಗವನ್ನು ಬೇರೆ ಯಾರಿಗೋ ಕಾದಿರಿಸಿದವರಂತೆ. ಬಿಸಿಲು ಎಷ್ಟೇ ಇರಲಿ, ತಂದೆಯ ಕಾಲದ ಕಂದು ಬಣ್ಣದ ಕೋಟು ಮೈಮೇಲಿಂದ ಇಳಿಯದು. ಭಾಷಣಕ್ಕೆ ನಿಂತರೆ ಮಾತ್ರ ಅವರು ಬೇರೆಯೇ ವ್ಯಕ್ತಿ: ಧ್ವನಿ ಗುಡ್ಡಕ್ಕೆ ಬಡಿದು ಮರಳುತ್ತದೆ, ಪ್ರತಿ ವಾಕ್ಯದ ತುದಿಯಲ್ಲಿ "ಹೌದೋ ಅಲ್ವೋ?" ಎಂಬ ಬಾಲವೊಂದು ಅಲ್ಲಾಡುತ್ತದೆ, ಜನ "ಹೌದು" ಎಂದು ಕೂಗುತ್ತಾರೆ. ಜೀವನವಿಡೀ ಪ್ರಶ್ನೆ ಕೇಳುತ್ತಲೇ ಬಂದ ಈ ಮಹಾಶಯರಿಗೆ ಉತ್ತರ ಹೇಳುವ ಅಭ್ಯಾಸ ಮಾತ್ರ ಆಗಲೇ ಇಲ್ಲ.

ಅದು ಊರಿಗೆ ಗೊತ್ತಾದದ್ದು ದೋನ್ಯಾ ಎರ್ಲಿಂದಾಳ, ಎಂದರೆ ಎರ್ಲಿಂದಾ ಅಮ್ಮನ, ಜಗಲಿಯಲ್ಲಿ. ಎರ್ಲಿಂದಾ ವಿಧವೆ, ಮನೆಯ ಮುಂಗೋಣೆಯಲ್ಲಿ ಸಣ್ಣದೊಂದು ರೇಡಿಯೊ ನಡೆಸುತ್ತಾಳೆ, ನಾವು ಅದನ್ನು ಬೆಟ್ಟದ ರೇಡಿಯೊ ಎನ್ನುತ್ತೇವೆ. ಪ್ರತಿ ಚುನಾವಣೆಗೆ ಮುಂಚೆ ಅವಳ ಜಗಲಿಯಲ್ಲಿ ಅಭ್ಯರ್ಥಿಗಳ ವಾಗ್ವಾದ. ಕೇಳುವವರು ತಮ್ಮ ತಮ್ಮ ಮನೆಯಿಂದ ಕುರ್ಚಿ ಹೊತ್ತು ತಂದು ಬೀದಿಯಲ್ಲಿ ಹಾಕಿಕೊಂಡು ಕೂರಬೇಕು. ಬಾರದ ಅಭ್ಯರ್ಥಿಗೂ ಕುರ್ಚಿ ಇರುತ್ತದೆ, ಅದರ ಪಕ್ಕದಲ್ಲಿ ಒಂದು ಲೋಟ ನೀರು ಇರುತ್ತದೆ. ಖಾಲಿ ಕುರ್ಚಿಗೂ ಅವಳು ಪ್ರಶ್ನೆ ಕೇಳುತ್ತಾಳೆ, ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಮೈಕನ್ನು ತೆರೆದೇ ಬಿಡುತ್ತಾಳೆ. ಆ ಮೌನವನ್ನು ಊರೆಲ್ಲ ತನ್ನ ತನ್ನ ಅಡುಗೆಮನೆಯಲ್ಲಿ ಕೂತು ಕೇಳುತ್ತದೆ.

ಮೊದಲ ಸಲ ದೋನ್ ಲಿಸಾಂದ್ರೊ ಬಂದಿದ್ದರು. ತೋರ್ತಿಯಾ ರೊಟ್ಟಿ ಮಾರುವ ಹೆಂಗಸೊಬ್ಬಳು ಎದ್ದು, "ನಲ್ಲಿ ಹಾಕ್ಸಿದ್ರಿ, ಬಾಳ ಚೆನ್ನಾಗಿದೆ. ನೀರೆಲ್ಲಿ?" ಎಂದಳು. ದೋನ್ ಲಿಸಾಂದ್ರೊ ಟೋಪಿಯ ಅಂಚನ್ನು ಬೆರಳುಗಳಲ್ಲಿ ತಿರುಗಿಸತೊಡಗಿದರು. ಟೋಪಿ ಸುತ್ತಿತು, ಇನ್ನೊಮ್ಮೆ ಸುತ್ತಿತು, ಬೀದಿಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಅವರೂ ನಕ್ಕರು, ಆದರೆ ಕಿವಿಗಳು ಕೆಂಪಾಗಿದ್ದವು. ಆ ಜಗಲಿಯನ್ನು ಅವರು ಮತ್ತೆ ಹತ್ತಲಿಲ್ಲ.

ಈ ಸಲದ ವಾಗ್ವಾದಕ್ಕೆ ಬರುವುದಿಲ್ಲವೆಂದು ಮೊದಲೇ ಹೇಳಿದ್ದಷ್ಟೇ ಅಲ್ಲ, ತಮ್ಮ ಪಕ್ಷದ ರೇಡಿಯೊದಲ್ಲಿ ಕೂತು ಗುಡುಗಿದರು: "ಅದು ನಮ್ಮ ವೈರಿಗಳ ಮನೆ. ಆ ಮನೆಗೆ ನಾನು ಕಾಲಿಡಲ್ಲ. ನಮ್ಮೋರು ಯಾರೂ ಇಡಬಾರದು. ಹೌದೋ ಅಲ್ವೋ?" ಹಿಂದೆಯೇ ತುತ್ತೂರಿಯ ಹಾಡೊಂದು ಮೊಳಗಿತು.

ಮೇಯರರ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಊರಿನ ಮಟ್ಟಿಗೆ ಅದು ಅಲ್ಲಿಂದ ಶುರುವಾಯಿತು. ಬ್ರೆಡ್ಡಿನವನು ಎರ್ಲಿಂದಾಳ ಬಾಗಿಲು ತಟ್ಟುವುದನ್ನು ಬಿಟ್ಟ. ಪಕ್ಕದ ಮನೆಯವರು ಅವಳತ್ತ ತೆರೆಯುವ ಕಿಟಕಿಗೆ ಹಲಗೆ ಬಡಿದರು. ಆಮೇಲೆ ನಂಬರಿಲ್ಲದ ಕಪ್ಪು ಪಿಕಪ್ ಗಾಡಿಯೊಂದು ಬಂದು ಅವಳ ಮನೆಯೆದುರು ನಿಂತಿತು. ಗಾಜು ಏರಿಸಿತ್ತು, ಎಂಜಿನ್ನು ನಡೆಯುತ್ತಲೇ ಇತ್ತು, ಯಾರೂ ಇಳಿಯಲಿಲ್ಲ. ಮರುದಿನವೂ ಬಂತು. ನಮ್ಮ ಕಡೆ ಇಂಥ ಗಾಡಿ ಯಾರ ಮನೆಯೆದುರು ನಿಂತರೂ ಆ ಮನೆಯವರ ಹೆಸರನ್ನು ಜನ ಸತ್ತವರ ಹೆಸರಿನಂತೆ ಮೆಲುದನಿಯಲ್ಲಿ ಹೇಳತೊಡಗುತ್ತಾರೆ.

ಪುರಸಭೆಗೆ ಹೋದೆ. ದೋನ್ ಲಿಸಾಂದ್ರೊ ಗೋಡೆಗೆ ಬೆನ್ನು ಹಚ್ಚಿ ಕೂತು ಕಾಫಿ ಕುಡಿಯುತ್ತಿದ್ದರು.

"ಕೊಂಪಾದ್ರೆ, ಆ ಗಾಡಿನ ಅಲ್ಲಿಂದ ಕಳಿಸಿ" ಎಂದೆ.

"ನನ್ನ ಗಾಡಿ ಅಲ್ಲ."

"ಮತ್ತೆ ಯಾರದ್ದು?"

ಟೋಪಿ ತಿರುಗತೊಡಗಿತು. "ಗೊತ್ತಿಲ್ಲ" ಎಂದರು. "ದೇವರಾಣೆ ಗೊತ್ತಿಲ್ಲ. ನಾನು ಯಾರಿಗೂ ಏನೂ ಮಾಡಿ ಅಂದಿಲ್ಲ."

"ಹಾಗಾದ್ರೆ ವಿಚಾರಿಸಿ."

"ಯಾರನ್ನ ವಿಚಾರಿಸ್ಲಿ? ಕೇಳೋಕೆ ನನಗೂ ಭಯ ಆಗುತ್ತೆ ಮಾರಾಯ್ರೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಒಂದು ಗಳಿಗೆ ಬಂದು ಆ ಕುರ್ಚಿ ಮೇಲೆ ಕೂತು ಎದ್ದು ಹೋಗಿ ಸಾಕು. ಉತ್ತರ ಕೊಡಬೇಡಿ. ಮೇಯರು ಹೋದ ಮನೆ ಅಂದ್ರೆ ಯಾರೂ ಮುಟ್ಟಲ್ಲ. ಅವಳ ಜೀವ ಉಳಿಯುತ್ತೆ" ಎಂದೆ. ಅವರು, "ನೋಡೋಣ" ಎಂದರು.

ವಾಗ್ವಾದದ ಸಂಜೆ, ಇಗರ್ಜಿಯ ಪೂಜೆ ಮುಗಿದ ಹೊತ್ತಿಗೆ, ನಾನು ಕುರ್ಚಿ ಹೊತ್ತು ಹೋದೆ. ಬೀದಿಯಲ್ಲಿ ನನ್ನ ಕುರ್ಚಿ ಒಂದೇ. ಉಳಿದಿಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನಿಗೆ ಜ್ವರವಂತೆ, ಇನ್ನೊಬ್ಬನಿಗೆ ಜ್ವರ ಬರುವ ಸೂಚನೆಯಂತೆ. ಜಗಲಿಯಲ್ಲಿ ಮೂರು ಖಾಲಿ ಕುರ್ಚಿಗಳು, ಮೂರು ಲೋಟ ನೀರು, ಮೈಕಿನ ಮುಂದೆ ತಲೆ ಬಾಚಿಕೊಂಡು ಒಳ್ಳೆಯ ಉಡುಪು ತೊಟ್ಟ ಎರ್ಲಿಂದಾ. ಎದುರಿಗೆ ಗಾಡಿ.

"ಮನೆಗೆ ಹೋಗಿ ಮೇಷ್ಟ್ರೇ" ಎಂದಳು.

"ಕುರ್ಚಿ ಭಾರ ಇದೆ, ಸ್ವಲ್ಪ ಸುಧಾರಿಸ್ಕೊಂಡು ಹೋಗ್ತೀನಿ" ಎಂದೆ. ಅವಳು ನಕ್ಕಳು.

ಆಗಲೇ ಮೂಲೆಯಲ್ಲಿ ಬಿಳಿಯ ಟೋಪಿ ಕಂಡದ್ದು. ಬಂದರು. ಗೋಡೆಯನ್ನು ಸವರುತ್ತ, ಕಂದು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ನಿಜವಾಗಿಯೂ ಬಂದರು. ಎರ್ಲಿಂದಾಳೂ ನೋಡಿದಳು, ಮೈಕು ಹಾಕಿ, ಸ್ಥಿರವಾದ ಧ್ವನಿಯಲ್ಲಿ ಹೇಳಿದಳು: "ದೋನ್ ಲಿಸಾಂದ್ರೊ, ಮೊದಲನೇ ಪ್ರಶ್ನೆ. ನನ್ನ ಮನೆ ಮುಂದೆ ನಿಂತಿರೋ ಗಾಡಿ ಯಾರದ್ದು?"

ಮುಚ್ಚಿದ ಬಾಗಿಲುಗಳ ಹಿಂದಿನಿಂದ, ಎಲ್ಲ ಮನೆಗಳ ರೇಡಿಯೊಗಳಿಂದ, ಆ ಪ್ರಶ್ನೆ ಬೀದಿಗೆ ಮರಳಿ ಬಂತು. ಅದರ ಹಿಂದೆ ಎಂಜಿನ್ನಿನ ಸದ್ದು. ಗಾಡಿಯ ಗಾಜು ನಿಧಾನವಾಗಿ ಅರ್ಧ ಇಳಿಯಿತು, ಒಳಗಿನಿಂದ ಒಂದು ಕೈ ಹೊರಬಂದು ಮೇಯರರತ್ತ ಪರಿಚಿತರಿಗೆ ಬೀಸುವ ಹಾಗೆ ಬೀಸಿತು. ದೋನ್ ಲಿಸಾಂದ್ರೊ ನಿಂತರು. ಆ ಕತ್ತಲ ಕಿಟಕಿಗೆ ಟೋಪಿ ಎತ್ತಿ ನಮಸ್ಕರಿಸಿದರು. ಆಮೇಲೆ ತಿರುಗಿ, ಬಂದ ಗೋಡೆಯನ್ನೇ ಹಿಡಿದು ಹೋದರು.

ಉತ್ತರಕ್ಕೆ ಬೇಕಾದಷ್ಟು ಹೊತ್ತು ಮೈಕು ತೆರೆದೇ ಇತ್ತು.

ಎರ್ಲಿಂದಾ ಆ ವಾರವೇ ಗಡಿ ದಾಟಿ ತಂಗಿಯ ಊರು ಸೇರಿದಳು, ಜೀವಂತ, ಅದೊಂದೇ ಸಮಾಧಾನ. ಮೇಯರು ಮೇಯರಾಗಿಯೇ ಉಳಿದರು. ಮೊನ್ನೆ ಆ ಬೀಗ ಹಾಕಿದ ಮನೆಯ ಮುಂದೆ ನನಗೆ ಎದುರಾದರು. "ಕೊಂಪಾದ್ರೆ, ಒಳಗೆ ಯಾರಿದ್ದಾರೆ?" ಎಂದು ಪಿಸುಗುಟ್ಟಿದರು. "ಯಾರೂ ಇಲ್ಲ" ಎಂದೆ. "ಖಂಡಿತಾ?" ಎಂದು ಕೇಳಿ, ಆದರೂ ಬೀದಿ ದಾಟಿ ಆಚೆಯ ಗೋಡೆ ಹಿಡಿದರು.

ಇಂಥವರನ್ನು ನಾವು ಕ್ರೂರಿಗಳೆಂದು ಬಗೆಯುತ್ತೇವೆ. ಕ್ರೂರಿಗಳಾಗಿದ್ದರೆ ಅವರಿಂದ ದಯೆಯನ್ನಾದರೂ ಬೇಡಬಹುದಿತ್ತು. ಹೆದರಿದವರ ಬಳಿ ಬೇಡುವುದಕ್ಕೆ ಏನಿರುತ್ತದೆ? ಒಂದು ಪ್ರಶ್ನೆಗೆ ನಾಚಿ ಅವರು ಒಂದು ಮನೆಯನ್ನು ವೈರಿಯದೆಂದು ತೋರಿಸುತ್ತಾರೆ, ಆಮೇಲೆ ಅದರ ಮುಂದೆ ಯಾರು ಬಂದು ನಿಲ್ಲುತ್ತಾರೆಂದು ನೋಡುವ ಧೈರ್ಯವೂ ಅವರಿಗಿರುವುದಿಲ್ಲ. ಅವರ ಅಂಜಿಕೆ ಅವರಲ್ಲೇ ಉಳಿಯುವುದಿಲ್ಲ, ಆಳಿಸಿಕೊಂಡವರಿಗೆಲ್ಲ ಹಂಚಿಹೋಗುತ್ತದೆ. ಈಚೆಗೆ ಸಂಜೆ ಮನೆಗೆ ಮರಳಿದಾಗ ನಾನೂ ಹೊಸ್ತಿಲಲ್ಲಿ ನಿಲ್ಲುತ್ತೇನೆ, ಒಳಗೆ ಯಾರಿದ್ದಾರೆ ಎಂದು ಕೇಳುತ್ತೇನೆ, ನನ್ನ ಹೆಂಡತಿಯ ದನಿ ಬರುವವರೆಗೆ ಕಾಲು ಎತ್ತಿಡುವುದಿಲ್ಲ.