ಹನ್ನೊಂದು ಗಂಟೆಯ ಹಸಿವು

ಬೇಕರಿಯವನ ಮನೆಯಲ್ಲಿ ಹಸಿವಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ಕುಂಬ್ರದಲ್ಲಿ ಬಸ್ಸಿಳಿದವರಿಗೆ ಊರು ಕಾಣುವ ಮೊದಲು ಮುಸ್ತಫಾನ ಬೇಕರಿಯ ಪರಿಮಳ ಸಿಗುತ್ತದೆ. ಅಂಥವನ ಒಬ್ಬಳೇ ಮಗಳು ಶಿಫಾ, ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಕೊನೆಯ ಪುಟವನ್ನು ಖಾಲಿ ಬಿಟ್ಟು ಬಂದಳು. ಲೆಕ್ಕ ಬಾರದೆ ಅಲ್ಲ, ಹಸಿವೆಯಿಂದ.

"ಹನ್ನೊಂದು ಗಂಟೆ ಆಗುವಾಗ ಕೈ ನಡುಗ್ಲಿಕ್ಕೆ ಶುರುವಾಯ್ತು ಉಮ್ಮ. ಬರೆದ ಸಾಲನ್ನೇ ಮತ್ತೆ ಬರೀತಾ ಇದ್ದೆ," ಎಂದು ಹೇಳಿ ಚೀಲವನ್ನು ಒಂದು ಕಡೆ ಬಿಸಾಡಿ ಮಲಗಿದಳು.

ರಂಜಾನ್ ತಿಂಗಳು ಶುರುವಾಗಿತ್ತು. ಈ ಸಲ ದೊಡ್ಡ ಪರೀಕ್ಷೆಯೂ ನೋಂಬಿನ ಉಪವಾಸದ ನಡುವೆಯೇ ಬಂದಿತ್ತು. ಮಗಳು ನೋಂಬು ಬಿಡುವವಳಲ್ಲ ಎಂಬುದು ಉಮ್ಮ ರಮ್ಲತ್‌ಗೆ ಗೊತ್ತಿತ್ತು. "ಕ್ಲಾಸಲ್ಲಿ ಉಳಿದವರಿಗೆ ಆಗುದು ನಂಗೆ ಯಾಕೆ ಆಗುದಿಲ್ಲ?" ಎಂದು ಅವಳು ಒಮ್ಮೆ ಕೇಳಿದ ಮೇಲೆ ಆ ಮಾತು ಮುಗಿದಿತ್ತು. ಹಟದಲ್ಲಿ ಮಗಳು ಅಪ್ಪನ ಪಡಿಯಚ್ಚು. ಆದರೆ ಆ ಖಾಲಿ ಪುಟ ರಮ್ಲತ್‌ಳ ಎದೆಯಲ್ಲಿ ಕೂತುಬಿಟ್ಟಿತು. ಅವಳೂ ಒಂದು ಕಾಲದಲ್ಲಿ ಇದೇ ಪರೀಕ್ಷೆ ಬರೆದು, ಗಣಿತವೊಂದರಲ್ಲಿ ಬಿದ್ದು, ಮರು ವರ್ಷ ಮದುವೆಯಾದವಳು. ಮಗಳಿಗೆ ಸೈನ್ಸ್ ಓದುವ ಆಸೆ. ಗಣಿತದಲ್ಲಿ ಒಂದು ಪುಟ ಖಾಲಿ ಬಿಟ್ಟವರಿಗೆ ಸೈನ್ಸ್ ಯಾರು ಕೊಡುತ್ತಾರೆ?

ಹೆದರಿದ ತಾಯಿ ಮಾಡುವ ಕೆಲಸ ಒಂದೇ, ಇನ್ನಷ್ಟು ತಿನ್ನಿಸುವುದು. ಮಸೀದಿಯ ಬೆಳಗಿನ ಬಾಂಗಿಗೆ ಮೊದಲಿನ ಸಹರಿ ಊಟಕ್ಕೆ ಶಿಫಾಳ ತಟ್ಟೆಯಲ್ಲಿ ಜಾಮ್ ಹಚ್ಚಿದ ಬ್ರೆಡ್ಡಿನ ಎತ್ತರ ಹೆಚ್ಚಿತು. ಬದಿಯಲ್ಲಿ ಬಾಳೆಹಣ್ಣಿನ ಬನ್ಸ್ ಬಂತು. ಹಾಲಿಗೆ ಸಕ್ಕರೆ ಕೂಡಿತು. "ಹೊಟ್ಟೆ ತುಂಬಿದವರಿಗೆ ಹಸಿವು ಎಲ್ಲಿಂದ ಬರುದು?" ಎಂದು ರಮ್ಲತ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಲೋಕದಲ್ಲಿ ಇಷ್ಟು ಸರಿಯಾಗಿ ಕೇಳಿಸುವ ತಪ್ಪು ಮಾತು ಇನ್ನೊಂದಿರಲಾರದು.

ಅವಳು ಮಾತ್ರ ಬ್ರೆಡ್ ತಿನ್ನುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಮಣೆ ಎಳೆದುಕೊಂಡು ಕುಚ್ಚಲಕ್ಕಿಯ ಗಂಜಿ ಉಣ್ಣುತ್ತಿದ್ದಳು. ಜೊತೆಗೆ ಬೇಯಿಸಿದ ಹೆಸರುಕಾಳು, ಒಣಮೀನಿನ ಚಟ್ನಿ. ಅದು ಬರಿಯ ಅಭ್ಯಾಸವಲ್ಲ, ಮನೆಯ ಕ್ರಮವೇ ಆಗಿಹೋಗಿತ್ತು. ಮುಸ್ತಫಾ ಸಣ್ಣವನಿದ್ದಾಗ ಮೂರು ಹೊತ್ತೂ ಗಂಜಿ. ನೆಂಟರು ಬಂದರೆ ಅದಕ್ಕೇ ಇನ್ನೊಂದು ಚೊಂಬು ನೀರು. ಬೇಕರಿ ಶುರುಮಾಡಿದ ದಿನ ಅವನು, "ನನ್ನ ಮಕ್ಕಳ ಬಾಯಿಗೆ ಗಂಜಿ ಹೋಗ್ಬಾರ್ದು" ಎಂದಿದ್ದ. ಹೆಂಡತಿಯನ್ನು ನೋಡಿ, "ಒಳ್ಳೆದು ತಿನ್ಲಿಕ್ಕೆ ನಿಂಗೆ ಗೊತ್ತೇ ಇಲ್ಲ ಮಾರಾಯ್ತಿ" ಎಂದು ನಗುತ್ತಿದ್ದ. ರಮ್ಲತ್‌ಗೂ ಹಾಗೇ ಅನಿಸುತ್ತಿತ್ತು. ಒಳ್ಳೆಯದು ಮಗಳಿಗಿರಲಿ, ತನಗೆ ಏನಾದರೆ ಏನು?

ಶುಕ್ರವಾರ ಮೊದಲ ಪರೀಕ್ಷೆ, ಕನ್ನಡ. ಅಂದು ಶಿಫಾಳಿಗೆ ತಿನ್ನಿಸಿದ್ದು ಯಾವ ದಿನಕ್ಕಿಂತಲೂ ಹೆಚ್ಚು. ಮಧ್ಯಾಹ್ನ ಪುತ್ತೂರಿನ ಪರೀಕ್ಷಾ ಕೇಂದ್ರದಿಂದ ಬಸ್ಸಲ್ಲಿ ಬಂದವಳ ಮುಖ ಬಿಳಿಚಿಕೊಂಡಿತ್ತು.

"ಹೇಗಾಯ್ತು?"

"ಕನ್ನಡ ಅಲ್ವಾ, ಬರ್ದೆ. ಆದ್ರೆ ಉಮ್ಮ, ಇವತ್ತು ಹತ್ತೂವರೆಗೇ ಶುರು ಆಯ್ತು. ಟೀಚರ್ ಹತ್ರ ಬಂದು ಹುಷಾರಿಲ್ವಾ ಕೇಳಿದ್ರು. ಸೋಮವಾರ ಗಣಿತಕ್ಕೆ ಹೀಗೇ ಆದ್ರೆ..."

ಹೆಚ್ಚು ತಿಂದಷ್ಟೂ ಬೇಗ ಹಸಿವು! ಮಗಳಿಗೆ ಏನಾದರೂ ಕಾಯಿಲೆಯೇ? ಯಾರ ಕಣ್ಣಾದರೂ ಬಿತ್ತೇ? ಆ ಸಂಜೆ ನೋಂಬು ತೊರೆಯುವ ಹೊತ್ತಿಗೆ ಖರ್ಜೂರ ಬಾಯಿಗಿಟ್ಟುಕೊಂಡು ರಮ್ಲತ್ ಬೇಡಿದ ದುಆದಲ್ಲಿ ಸೋಮವಾರದ ಹೊರತು ಬೇರೇನೂ ಇರಲಿಲ್ಲ. ಗಂಡನಿಗೆ ಹೇಳಿದರೆ ಅವನು, "ಬ್ರೆಡ್ಡಿಗೆ ಬೆಣ್ಣೆ ಜಾಸ್ತಿ ಹಾಕು" ಎಂದ. ಬೇಕರಿಯವನ ಕೈಯಲ್ಲಿರುವ ಮದ್ದು ಅಷ್ಟೇ.

ಆ ಗಡಿಬಿಡಿಯಲ್ಲಿ ಅವಳು ಒಂದು ಕೆಲಸ ಮರೆತಳು. ಶಿಫಾಳ ಸಹರಿಗೆ ಬನ್ಸಿನ ಹಿಟ್ಟು ಕಲಸುತ್ತಾ, ದಿನವೂ ಸಂಜೆಯೇ ಬೇಯಿಸಿಡುವ ತನ್ನ ಗಂಜಿಯನ್ನು ಒಲೆಗೇರಿಸಲೇ ಇಲ್ಲ. ಶನಿವಾರ ಮಗಳಿಗೆ ತಿನ್ನಿಸಿ ಮುಗಿಸುವಾಗ ಬಾಂಗಿಗೆ ಹೊತ್ತಾಗಿತ್ತು. ಮಗಳು ತಟ್ಟೆಯಲ್ಲಿ ಬಿಟ್ಟ ಜಾಮ್ ಬ್ರೆಡ್ಡನ್ನೂ ಬನ್ಸನ್ನೂ ಗಬಗಬ ತಿಂದು, ನೀರು ಕುಡಿದು ಎದ್ದಳು. ಹೊಟ್ಟೆ ತುಂಬಿತ್ತು. ಗಂಜಿಗಿಂತ ಚೆನ್ನಾಗಿಯೇ ತುಂಬಿತ್ತು.

ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಹೊಟ್ಟೆಯೊಳಗೆ ಯಾರೋ ಕೆರೆದಂತಾಯಿತು. ಸಿಡುಕು ಬಂತು. ಆಚೆಮನೆಯ ದೇವಕಿಯಕ್ಕ ಬೇಲಿಯ ಆಚೆಯಿಂದ, "ಶಿಫಾಳ ಪರೀಕ್ಷೆ ಹೇಗಾಯ್ತು?" ಎಂದು ಕೇಳಿದರೆ, "ಎಲ್ಲರೂ ಅದನ್ನೇ ಕೇಳುದು ಯಾಕೆ?" ಎಂದು ಹಾರಿಬಿದ್ದಳು. ದೇವಕಿಯಕ್ಕ ಬೇಲಿಯ ಹತ್ತಿರ ಬಂದರು. ಹಿಂಡುತ್ತಿದ್ದ ಬಟ್ಟೆಯ ಮೇಲೆ ರಮ್ಲತ್‌ಳ ಕೈ ಸಣ್ಣಗೆ ನಡುಗುತ್ತಿತ್ತು.

"ಬೇಜಾರು ಮಾಡ್ಬೇಡಿ ಅಕ್ಕ. ಎಂತಾಯ್ತೋ ಗೊತ್ತಿಲ್ಲ. ಜೀವಮಾನದಲ್ಲಿ ನಂಗೆ ಇಷ್ಟು ಬೇಗ ಹಸಿವಾದದ್ದಿಲ್ಲ."

"ಬೆಳಿಗ್ಗೆ ಎಂತ ತಿಂದದ್ದು?"

"ಬ್ರೆಡ್ಡು," ಎಂದವಳು ಅಲ್ಲೇ ನಿಂತಳು. ಒದ್ದೆ ಬಟ್ಟೆಯಿಂದ ನೀರು ಕಾಲ ಮೇಲೆ ಸುರಿಯುತ್ತಿತ್ತು.

ಮದುವೆಯಾದಂದಿನಿಂದ ಅವಳು ಹಿಡಿದ ನೋಂಬುಗಳಲ್ಲಿ ಹಸಿವು ಎಂಬುದು ಸಂಜೆ ಅಸರ್ ನಮಾಜಿನ ಹೊತ್ತಿಗೆ ಮೆಲ್ಲಗೆ ಬರುವ ಪರಿಚಯದ ನೆಂಟ. ಹೀಗೆ ಬಾಗಿಲು ಒದ್ದು ಬಂದದ್ದು ಇದೇ ಮೊದಲು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಇಲ್ಲಿ ಮದ್ದು ಹಿತ್ತಲಲ್ಲೂ ಅಲ್ಲ, ಅಡುಗೆಮನೆಯ ಮೂಲೆಯಲ್ಲೇ ಕೂತಿತ್ತೇ? ಹಾಗೆಂದು ನಂಬಲೂ ಭಯ. ಒಂದು ದಿನದ ಹಸಿವಿಗೆ ಕಾರಣ ಬಿಸಿಲೂ ಇರಬಹುದು, ನಿದ್ದೆಗೇಡೂ ಇರಬಹುದು. ಭಾನುವಾರ ಅವಳು ಮರೆಯದೆ ಗಂಜಿ ಉಂಡಳು. ಶಿಫಾಳಿಗೆ ಎಂದಿನ ಬ್ರೆಡ್ಡು. ಹನ್ನೊಂದಕ್ಕೆ ಮಗಳು ಗಣಿತದ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದಳು. ಉಮ್ಮ ಮನೆಯಿಡೀ ಗುಡಿಸಿ ಒರೆಸಿ, ಇನ್ನೇನು ಕೆಲಸ ಉಂಟು ಎಂದು ಹುಡುಕುತ್ತಿದ್ದಳು.

ಗೊತ್ತಾದದ್ದೇನೋ ಸರಿ. ಆದರೆ ಗೊತ್ತಾದ ಮೇಲೆ ಭಯ ಇಳಿಯಬೇಕಿತ್ತು, ಏರಿತು. ಮಗಳಿಗೆ ಗಂಜಿ ಕೊಟ್ಟು ನೋಡಲು ಇನ್ನೊಂದು ದಿನ ಉಳಿದಿರಲಿಲ್ಲ. ಇದ್ದದ್ದು ಸೋಮವಾರದ ಸಹರಿ ಒಂದೇ. ಅಭ್ಯಾಸವಿಲ್ಲದ ಹೊಟ್ಟೆ ಗಂಜಿಯನ್ನು ಒಪ್ಪದಿದ್ದರೆ? ಪರೀಕ್ಷೆಯ ಕೋಣೆಯಲ್ಲಿ ನಿದ್ದೆ ಹತ್ತಿದರೆ? ಆಮೇಲೆ ಇಡೀ ಕುಂಬ್ರ ಹೇಳಬಹುದು, ಬೇಕರಿಯವನ ಹೆಂಡತಿ ಮಗಳಿಗೆ ಪರೀಕ್ಷೆಯ ದಿನ ಗಂಜಿ ಕುಡಿಸಿ ಕೆಡಿಸಿದಳು ಅಂತ. ಆದರೂ ಸಂಜೆ ದೊಡ್ಡ ಪಾತ್ರೆಯನ್ನೇ ಒಲೆಗಿಟ್ಟಳು.

ಸೋಮವಾರ ಬಾಂಗಿಗೆ ಮೊದಲು ಮುಸ್ತಫಾ ಬೆಣ್ಣೆ ಕಾಗದದಲ್ಲಿ ಸುತ್ತಿದ ಬ್ರೆಡ್ಡನ್ನು ಮೇಜಿನ ಮೇಲಿಟ್ಟ. ಇನ್ನೂ ಬೆಚ್ಚಗಿತ್ತು. "ಹಾಲು ಹಾಕಿ ನಾನೇ ನಾದಿದ್ದು. ಮುಟ್ಟಿ ನೋಡು ಮಗಳೇ, ಹತ್ತಿಯ ಹಾಗೆ ಉಂಟು."

ರಮ್ಲತ್ ಅದರ ಪಕ್ಕದಲ್ಲಿ ಗಂಜಿಯ ಬಟ್ಟಲು ಇಟ್ಟಳು. ಹೆಸರುಕಾಳು ಇಟ್ಟಳು. ಬೇಯಿಸಿದ ಎರಡು ಮೊಟ್ಟೆಯನ್ನೂ ಇಟ್ಟಳು.

ಮುಸ್ತಫಾನ ಮುಖ ಕಪ್ಪಿಟ್ಟಿತು. "ಎಂತ ಇದು? ಪರೀಕ್ಷೆಯ ದಿನ ನನ್ನ ಮಗಳಿಗೆ ಗಂಜಿಯಾ?"

"ಬ್ರೆಡ್ಡು ಚಂದ ಉಂಟು. ನಾನು ಅಲ್ಲ ಹೇಳುದಿಲ್ಲ," ಎಂದಳು ರಮ್ಲತ್. "ಆದ್ರೆ ಅದು ಹತ್ತಿಯ ಹಾಗೇ. ಹೊಟ್ಟೆಗೆ ಹೋದದ್ದು ಗೊತ್ತಾಗುದಿಲ್ಲ, ಕರಗಿದ್ದೂ ಗೊತ್ತಾಗುದಿಲ್ಲ. ಶನಿವಾರ ನಾನೂ ಅದನ್ನೇ ತಿಂದೆ. ಹತ್ತು ಗಂಟೆಗೆ ನನ್ನ ಕೈ ನಡುಗಿತು. ಶಿಫಾ ಹೇಳಿದ ಹಾಗೇ."

"ಅಂದ್ರೆ ನನ್ನ ಬ್ರೆಡ್ಡಿಂದ ಅವಳಿಗೆ ಹೀಗಾಗುದು ಅಂತ ನೀನು ಹೇಳುದಾ?"

ಆ ಬ್ರೆಡ್ಡಿಗಾಗಿ ಅವನು ಒಲೆಯ ಮುಂದೆ ಬೆವರು ಸುರಿಸಿದ್ದನ್ನು ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? ಆದರೂ ಗಂಜಿಯ ಬಟ್ಟಲನ್ನು ಹಿಂದೆ ತೆಗೆಯಲಿಲ್ಲ.

ಇಬ್ಬರನ್ನೂ ನೋಡುತ್ತಿದ್ದ ಶಿಫಾ ಅಪ್ಪನಿಗೆ ಹೇಳಿದಳು, "ಉಪ್ಪ, ವಿಜ್ಞಾನದಲ್ಲಿ ನಮಗೆ ಉಂಟು, ಪಿಷ್ಟ ಹೊಟ್ಟೆಯಲ್ಲಿ ಸಕ್ಕರೆ ಆಗುದು. ಬ್ರೆಡ್ಡು ಬೇಗ ಆಗ್ತದೋ ಏನೋ, ಬೇಗ ಮುಗೀತದೆ." ಆಮೇಲೆ ಉಮ್ಮನ ಕಡೆ ತಿರುಗಿದಳು. "ಇದನ್ನು ಉಂಡ್ರೆ ನಿಮಗೆ ಹಸಿವು ಯಾವಾಗ ಆಗುದು?"

"ಅಸರ್‌ವರೆಗೆ ನೆನಪೇ ಆಗುದಿಲ್ಲ ಮಗಳೇ."

ಶಿಫಾ ಬಟ್ಟಲನ್ನು ಎಳೆದುಕೊಂಡಳು. ಮೊದಲ ತುತ್ತಿಗೆ ಮುಖ ಹಿಂಡಿದಳು, ಎರಡನೆಯದಕ್ಕೆ ಒಣಮೀನಿನ ಚಟ್ನಿ ಕೇಳಿದಳು. ರಮ್ಲತ್ ಅಷ್ಟೇ ಗಂಜಿ, ಅಷ್ಟೇ ಕಾಳು, ಎರಡು ಮೊಟ್ಟೆ ಹಾಕಿಕೊಂಡು ಮಗಳ ಎದುರಿಗೇ ಕೂತು ಉಂಡಳು. ಮುಸ್ತಫಾ ಒಂದು ತುಂಡು ಬ್ರೆಡ್ಡನ್ನು ಮುರಿದು ಬಾಯಿಗಿಟ್ಟು, ಎದ್ದುಹೋದ.

ಮಗಳನ್ನು ಬಸ್ಸು ಹತ್ತಿಸಿ ಬಂದ ರಮ್ಲತ್‌ಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಕುರ್‌ಆನ್ ಬಿಡಿಸಿದರೆ ಕಣ್ಣು ಗಡಿಯಾರದ ಕಡೆ ಓಡಿತು. ಇಬ್ಬರೂ ಉಂಡದ್ದು ಒಂದೇ ಊಟ. ಹಾಗಾದರೆ ಮಗಳ ಹೊಟ್ಟೆಯ ಸುದ್ದಿಯನ್ನು ತನ್ನ ಹೊಟ್ಟೆಯೇ ಹೇಳಬೇಕು. ಹತ್ತಾಯಿತು. ಏನೂ ಇಲ್ಲ. ಹತ್ತೂವರೆಯಾಯಿತು. ಹೊಟ್ಟೆ ತಣ್ಣಗಿತ್ತು. ಹನ್ನೊಂದಕ್ಕೆ ಕೈ ಚಾಚಿ ನೋಡಿಕೊಂಡಳು.

ಕೈ ನಡುಗುತ್ತಿತ್ತು.

ಇದು ಹಸಿವೆಯೋ ಹೆದರಿಕೆಯೋ? ಹೆದರಿಕೆಯೆಂದು ಯಾರು ಹೇಳಬೇಕು? ಹೊಲಿಗೆಯ ಡಬ್ಬಿಯಿಂದ ಸೂಜಿ ತೆಗೆದು ದಾರ ಪೋಣಿಸಲು ನೋಡಿದಳು. ದಾರ ತಪ್ಪಿತು. ಎಂಜಲು ಹಚ್ಚುವಂತೆಯೂ ಇಲ್ಲ, ನೋಂಬು. ದಾರದ ತುದಿಯನ್ನು ಬೆರಳಲ್ಲಿ ಹೊಸೆದು, ಕಣ್ಣು ಮುಚ್ಚಿ, ಬಿಸ್ಮಿ ಹೇಳಿ, ಮತ್ತೆ ನೋಡಿದಳು. ದಾರ ಸೂಜಿಯೊಳಗೆ ಹೋಯಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೂಜಿ ನೆಲಕ್ಕೆ ಬಿತ್ತು.

ಮುಸ್ತಫಾ. "ನಾನು ಪುತ್ತೂರಲ್ಲಿದ್ದೇನೆ. ಶಾಲೆಯ ಗೇಟಿನ ಹತ್ರ."

"ಅಂಗಡಿ?"

"ಕೆಲಸದ ಹುಡುಗ ಹಕೀಮ್ ನೋಡ್ತಾನೆ. ಹನ್ನೊಂದು ಆಯ್ತಲ್ವಾ, ಹಾಗೆ ಬಂದೆ. ಒಳಗಿಂದ ಯಾರನ್ನೂ ಹೊರಗೆ ಕರ್ಕೊಂಡು ಬರ್ಲಿಲ್ಲ." ಅವನ ಉಸಿರು ಕೇಳಿಸುತ್ತಿತ್ತು. "ರಮ್ಲತ್, ನಿಂಗೆ ಹಸಿವುಂಟಾ?" ಎಂದ.

ಅವಳಿಗೆ ಹಸಿವುಂಟೇ ಎಂದು ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಕೇಳದಿದ್ದದ್ದು ಇಷ್ಟು ದಿನ ಅವಳಿಗೂ ಗೊತ್ತಾಗಿರಲಿಲ್ಲ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಜವಾಗಿಯೂ ಯೋಚಿಸಿ ನೋಡಿದಳು.

"ಇಲ್ಲ," ಎಂದಳು. "ಹೆದರಿಕೆ ಉಂಟು. ಹಸಿವಿಲ್ಲ."

"ಹಾಗಾದ್ರೆ ಅವಳಿಗೂ ಇರ್ಲಿಕ್ಕಿಲ್ಲ," ಎಂದ ಮುಸ್ತಫಾ. ಆಮೇಲೂ ಇಬ್ಬರೂ ಫೋನು ಇಡಲಿಲ್ಲ.

ಮಧ್ಯಾಹ್ನ ಬೈಕು ಅಂಗಳಕ್ಕೆ ಬಂದಾಗ ರಮ್ಲತ್ ಮೆಟ್ಟಿಲ ಮೇಲೆಯೇ ಇದ್ದಳು. ಹಿಂದೆ ಕೂತಿದ್ದ ಶಿಫಾ ಇಳಿದು, ಚೀಲವನ್ನು ಬಿಸಾಡದೆ ಹೆಗಲಲ್ಲೇ ಇಟ್ಟುಕೊಂಡು ಬಂದಳು.

"ಕೊನೆಯ ಪುಟ?" ರಮ್ಲತ್‌ಳ ಬಾಯಿಂದ ಹೊರಟದ್ದು ಅದೊಂದೇ.

"ಬರ್ದೆ. ಒಂದು ಲೆಕ್ಕ ತಪ್ಪಿರ್ಬೇಕು. ಆದ್ರೆ ತಪ್ಪಿದ್ದು ಬುದ್ಧಿಯಿಂದ, ಹಸಿವೆಯಿಂದ ಅಲ್ಲ."

"ಹಸಿವು ಆಗ್ಲೇ ಇಲ್ವಾ?"

"ನೆನಪೇ ಆಗ್ಲಿಲ್ಲ." ಶಿಫಾ ಚಪ್ಪಲಿ ಬಿಡುತ್ತಾ ಉಮ್ಮನನ್ನು ಓರೆಗಣ್ಣಿನಿಂದ ನೋಡಿದಳು. "ಕಳ್ಳಿ ನೀವು. ಹಾಳುಮೂಳು ನಮಗೆ ಕೊಟ್ಟು, ಇಷ್ಟು ವರ್ಷ ಒಳ್ಳೆದೆಲ್ಲ ಅಡುಗೆಮನೆಯಲ್ಲಿ ಕೂತು ನೀವು ಒಬ್ಬರೇ ತಿಂದದ್ದಾ?"

ರಮ್ಲತ್‌ಗೆ ನಗು ಬಂತು. ನಗುತ್ತಾ ನಗುತ್ತಾ ಅದು ಅಳುವಾಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಾಳುಮೂಳು ಎಂಬ ಮಾತು ಮುಸ್ತಫಾನ ಕಿವಿಗೂ ಬಿದ್ದಿತ್ತು. ಅವನು ಬೈಕಿನ ಕೀಲಿ ತಿರುಗಿಸುತ್ತಾ, ಮಗಳನ್ನು ನೋಡದೆ, ಹೆಂಡತಿಯನ್ನೂ ನೋಡದೆ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ:

"ನಾಳೆಗೆ ಒಂದು ಕುಡ್ತೆ ಅಕ್ಕಿ ಜಾಸ್ತಿ ಹಾಕು. ನಂಗೂ ಬೇಕು."