ಗೂಟದ ಸುತ್ತ ಮಾತ್ರ ಬೆಳೆದ ಕಾಡು

ಯೆರಿತ್ಸಳಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಆವತ್ತು ಬೆಳಿಗ್ಗೆ ಕಾಡಿನ ನಡುವೆ ಮಂಡಿಯೂರಿ ಕೂತವಳ ಕಿವಿ ಕೆಂಡವಾಗಿತ್ತು. ಬಾಯಿ ಮಾತ್ರ ಬಿಗಿದುಕೊಂಡಿತ್ತು, ಏಕೆಂದರೆ ಬೈಯೋಣವೆಂದರೆ ಎದುರಿಗಿದ್ದದ್ದು ಸೂಜಿಯೆಲೆಯ ಫರ್ ಮರದ ಮೊಣಕಾಲೆತ್ತರದ ಒಂದು ಸಸಿ. ಅದರ ತುದಿಯ ಮೊಗ್ಗಿಗೆ ಕಂದು ಉಣ್ಣೆಯ ಒಂದು ಎಳೆ ಸುತ್ತಿಕೊಂಡಿತ್ತು.

ಉಣ್ಣೆ! ಆ ಕಾಡಿನಲ್ಲಿ ಕುರಿ ಮೇಯುವುದಿಲ್ಲ. ಮೇಯ್ದರೂ ಸಸಿಯ ತಲೆಗೆ ರುಮಾಲು ಸುತ್ತಿ ಹೋಗುವ ಕುರಿಯನ್ನು ಯಾರೂ ಕಂಡಿಲ್ಲ. ಯೆಲೊವೆತ್ಸ್ ಊರಿನವರಿಗೆಲ್ಲ ಗೊತ್ತಿರುವ ಉಪಾಯ ಇದು: ತೊಳೆಯದ ಕುರಿಯುಣ್ಣೆಯ ನಾತಕ್ಕೆ ಜಿಂಕೆ ಮೂಗು ತಿರುಗಿಸುತ್ತದೆ, ಮೊಗ್ಗು ಬದುಕುತ್ತದೆ. ಹಿಮ ಬೀಳುವ ಮುಂಚೆ ಸುತ್ತಬೇಕು, ಹಿಮ ಕರಗಿದ ಮೇಲೆ ಬಿಚ್ಚಬೇಕು. ಬಿಚ್ಚಿದವನ ಕಣ್ಣು ಮಂಜಾಗಿತ್ತೋ ಏನೋ, ಇದೊಂದನ್ನು ಬಿಟ್ಟು ಹೋಗಿದ್ದ.

ಅವಳು ಎದ್ದು ನಿಂತು ಸುತ್ತ ನೋಡಿದಳು. ತನ್ನ ಸುತ್ತ ನಾಲ್ಕೈದು ಮಾರು ದೂರದವರೆಗೆ ಫರ್ ಸಸಿಗಳು ಹಸಿರಾಗಿ, ನೆಟ್ಟಗೆ, ಶಾಲೆಯ ಮಕ್ಕಳಂತೆ ನಿಂತಿದ್ದವು. ಅದರಾಚೆ ಅಂಥದ್ದು ಒಂದೂ ಇಲ್ಲ. ಕಾಲಿನಿಂದ ಪಾಚಿ ಸರಿಸಿದಳು. ಅಂದುಕೊಂಡ ಹಾಗೆಯೇ ಸಸಿಗಳ ನಟ್ಟನಡುವೆ ಕಬ್ಬಿಣದ ಗೂಟದ ತಲೆ ಕಂಡಿತು.

ಆ ಕಾಡಿನಲ್ಲಿ ನೂರೈವತ್ತು ವರ್ಷದ ಫರ್ ಮರದ ಪಕ್ಕದಲ್ಲೇ ಮೂವತ್ತರ ಬೀಚ್ ಮರ, ಅದರ ಕಂಕುಳಲ್ಲಿ ಮೇಪಲ್, ಅದರ ಕಾಲಡಿ ಇನ್ನೊಂದಿಷ್ಟು ಚಿಲ್ಲರೆಪಲ್ಲರೆ. ಅಜ್ಜ, ಅಪ್ಪ, ಮೊಮ್ಮಗ ಎಲ್ಲ ಒಂದೇ ಸೂರಿನಡಿ. ಇಂಥ ಕಾಡನ್ನು ಒಂದೊಂದೇ ಮರ ಮುಟ್ಟಿ ಎಣಿಸುತ್ತ ಹೋದರೆ ಎಣಿಸುವವನ ಆಯಸ್ಸು ಮುಗಿಯುತ್ತದೆ. ಅದಕ್ಕೇ ಅಲ್ಲಲ್ಲಿ ಗೂಟ ಹೊಡೆದು, ಗೂಟದ ಸುತ್ತ ಒಂದು ವೃತ್ತದಷ್ಟು ಜಾಗವನ್ನು ಹತ್ತು ವರ್ಷಕ್ಕೊಮ್ಮೆ ಅಳೆದು, ಉಳಿದದ್ದೂ ಹೀಗೇ ಇರುತ್ತದೆ ಎಂದು ನಂಬುವುದು. ಆಮೇಲೆ ಯಾವ ಮರ ಕಡಿಯಬೇಕು, ಯಾವುದು ಬಿಡಬೇಕು, ಎಷ್ಟು ಜಿಂಕೆ ಹೊಡೆಯಬೇಕು ಎಲ್ಲ ಆ ನಂಬಿಕೆಯ ಮೇಲೆ. ಗೂಟವನ್ನು ಪಾಚಿಯಡಿ ಮುಚ್ಚಿಡುವುದು ಅದಕ್ಕೇ. ಎಲ್ಲಿ ಅಳೆಯುತ್ತಾರೆಂದು ಗೊತ್ತಾದರೆ ಮನುಷ್ಯ ಸುಮ್ಮನಿರುವ ಪ್ರಾಣಿಯಲ್ಲ, ಅಲ್ಲಷ್ಟೇ ಗುಡಿಸಿ ರಂಗೋಲಿ ಹಾಕುತ್ತಾನೆ.

ಹಾಕಿದ್ದ, ಭೂಪ! ಈ ಬೇಸಿಗೆಯ ಅಳತೆಯಲ್ಲಿ ಫರ್ ಸಸಿಗಳು ಹಿಂಡುಹಿಂಡಾಗಿ ಸಿಕ್ಕಿದ್ದವು. ಕಚೇರಿಯಲ್ಲಿ ಎಲ್ಲರೂ ಕೈಕುಲುಕಿ ವಾಲ್ನಟ್ ರೊಟ್ಟಿ ಹಂಚಿ ತಿಂದಿದ್ದರು. ಯೆರಿತ್ಸ ಆ ಕಾಡಿನ ಅಧಿಕಾರಿ. ದಿನಾ ಓಡಾಡುವ ದಾರಿಯಲ್ಲಿ ಕಾಣದ ಸಸಿ ಅಳತೆಯಲ್ಲಿ ಮಾತ್ರ ಹೇಗೆ ಕಂಡಿತು ಎಂದು ಅವಳೊಬ್ಬಳಿಗೇ ಆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ. ಶುಕ್ರವಾರ ಊರಿನ ಸಭೆ. ಸಸಿ ಇಷ್ಟಿದ್ದರೆ ಈಗ ಹೊಡೆಯುವಷ್ಟೇ ಜಿಂಕೆ ಹೊಡೆದರೆ ಸಾಕೆಂದು ಇನ್ನು ಹತ್ತು ವರ್ಷಕ್ಕೆ ತೀರ್ಮಾನವಾಗುತ್ತಿತ್ತು. ಇನ್ನೂ ಹತ್ತು ವರ್ಷ ಹೀಗೇ ಮೇಯ್ದರೆ ಈ ಕಾಡಿನಲ್ಲಿ ಫರ್ ಅಜ್ಜಂದಿರು ಮಾತ್ರ ಉಳಿಯುತ್ತಾರೆ. ಅವರು ಬಿದ್ದರೆ ವಂಶವೇ ಮುಗಿಯಿತು.

ಗೂಟಗಳ ಜಾಗ ಕಚೇರಿ ಬಿಟ್ಟರೆ ಬಲ್ಲವನು ಒಬ್ಬನೇ, ಅವನ್ನು ಹೊಡೆದವನು. ಊರಲ್ಲಿ ಕಂದು ಕುರಿ ಇರುವುದೂ ಒಂದೇ ಮನೆಯಲ್ಲಿ. ಎರಡೂ ಒಂದೇ ಮನೆ. ಅವಳ ಅಪ್ಪನ ಅಣ್ಣ, ಅವಳಿಗಿಂತ ಮುಂಚೆ ಈ ಕಾಡಿನ ಅಧಿಕಾರಿಯಾಗಿದ್ದವನು, ಅವಳಿಗೆ ಮರ ತೋರಿಸಿಕೊಟ್ಟವನು, ನಿವೃತ್ತಿಯ ದಿನ ತನ್ನ ಸುತ್ತಿಗೆಯನ್ನು ಅವಳ ಕೈಗಿಟ್ಟು ಅತ್ತವನು, ಲುದ್ವಿಕ್. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ವೃತ್ತದಿಂದ ಒಂದು ಹೆಜ್ಜೆ ಆಚೆ ಹುಲ್ಲಿನಲ್ಲಿ ಗಂಟುಗಂಟಾದ ಕುಳ್ಳ ಫರ್ ಗಿಡವೊಂದಿತ್ತು. ಯೆರಿತ್ಸ ಗರಗಸ ತೆಗೆದು ಅದನ್ನು ಬುಡಕ್ಕೆ ಕೊಯ್ದು ಹೆಗಲಿಗೇರಿಸಿಕೊಂಡಳು.

ಲುದ್ವಿಕ್ ಒಲೆಯ ಮುಂದೆ ಜಿಂಕೆ ಮಾಂಸದ ಗೂಲಾಷ್ ತಿರುವುತ್ತಿದ್ದ. ಎಂಬತ್ತರ ಹತ್ತಿರದ ಮುದುಕ. ಒಂಟಿ, ಆದರೆ ಅಡುಗೆ ಯಾವಾಗಲೂ ಇಬ್ಬರಿಗಾಗುವಷ್ಟು.

"ಬಾ ಮಗಾ, ಹೊತ್ತಿಗೆ ಸರಿಯಾಗಿ ಬಂದೆ. ತಟ್ಟೆ ತಗೋ."

"ತಟ್ಟೆ ಮನೆ ಹಾಳಾಗ್ಲಿ. ಇದೇನಿದು?" ಯೆರಿತ್ಸ ಮುಷ್ಟಿ ಬಿಚ್ಚಿದಳು.

"ಉಣ್ಣೆ."

"ಯಾರದ್ದು?"

"ಕುರೀದು."

"ದೊಡ್ಡಪ್ಪಾ! ನನ್ ಹತ್ರ ಆಟ ಆಡ್ಬೇಡ. ನಿನ್ನ ಕಂದು ಕುರಿ ಕಾವ್ಕಂದು ಇದು. ಗೂಟದ ಹತ್ರ ಸಿಕ್ತು."

ಮುದುಕ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದ. "ಸಸಿ ಉಳಿಸೋದು ತಪ್ಪಾ? ಉಳಿಸ್ದೆ. ಎಲ್ಲಾದಕ್ಕೂ ಕಟ್ಟೋಕೆ ನಾನೇನು ದೇವ್ರಾ? ಕೈಲಾದಷ್ಟಕ್ಕೆ ಕಟ್ದೆ."

"ಕೈಲಾದಷ್ಟಕ್ಕೆ! ಕೈಲಾದದ್ದೆಲ್ಲ ಗೂಟದ ಸುತ್ತಾನೇ ಆಯ್ತಾ? ನಿನ್ನ ಹತ್ರ ಬಿಳಿ ಕುರೀನೂ ಇದಾವಲ್ಲ, ಅವುಗಳ ಉಣ್ಣೆ ಯಾಕೆ ಕಟ್ಲಿಲ್ಲ?"

"ಬಿಳೀದು ದೂರದಿಂದ್ಲೇ ಕಾ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಕಾಣತ್ತೆ! ಕಾಣಬಾರ್ದು ಅಂತ ಕಂದು. ಅಂದ್ರೆ ಏನು ಮಾಡ್ತಿದೀನಿ ಅಂತ ಪೂರಾ ಗೊತ್ತಿತ್ತು ನಿಂಗೆ. ಥೂ!"

ಅವಳು ಹೆಗಲ ಮೇಲಿದ್ದ ಕುಳ್ಳ ಗಿಡವನ್ನು ಊಟದ ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕ ದೊಪ್ಪೆಂದು ಹಾಕಿದಳು. "ಚಾಕು ತಗೋ. ಬುಡ ಹೆರೆದು ಎಣಿಸು."

ಲುದ್ವಿಕ್‌ಗೆ ಇಲ್ಲವೆನ್ನಲು ಆಗಲಿಲ್ಲ. ಮರದ ಕೊಯ್ದ ಬುಡ ಕಂಡರೆ ಉಂಗುರ ಎಣಿಸದೆ ಇರುವ ಜಾತಿಯವನಲ್ಲ ಅವನು. ಬುಡವನ್ನು ನುಣ್ಣಗೆ ಹೆರೆದು, ಎಂಜಲು ಹಚ್ಚಿ, ಕನ್ನಡಕವನ್ನು ಹಣೆಯಿಂದ ಇಳಿಸಿ, ಚಾಕುವಿನ ತುದಿ ಇಟ್ಟು ಎಣಿಸತೊಡಗಿದ. ಉಂಗುರಗಳು ಕೂದಲೆಳೆಯಷ್ಟು ತೆಳು. ನಡುವೆ ಎರಡು ಸಲ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದ. ಒಲೆಯ ಮೇಲೆ ಗೂಲಾಷ್ ತಳ ಹಿಡಿಯುತ್ತಿತ್ತು, ಇಬ್ಬರೂ ಅದನ್ನು ನೋಡಲಿಲ್ಲ.

"ಮೂವತ್ತೊಂದು," ಎಂದ. ಆಮೇಲೆ, "ನಾನು ಗೂಟ ಹೊಡೆದ ವರ್ಷ."

"ಮೂವತ್ತೊಂದು ವರ್ಷ ಬದುಕಿ ನನ್ನ ಮೊಣಕಾಲು ದಾಟಿಲ್ಲ. ಪ್ರತಿ ಚಳಿಗಾಲ ತಲೆ ಕಡಿಸ್ಕೊಂಡಿದೆ, ಪ್ರತಿ ಬೇಸಿಗೆ ಮತ್ತೆ ಚಿಗುರಿದೆ. ನೀನು ಉಣ್ಣೆ ಚೀಲ ಹೊತ್ಕೊಂಡು ಇದರ ಪಕ್ಕದಲ್ಲೇ ಹೋಗಿದೀಯ. ಇದಕ್ಯಾಕೆ ಕಟ್ಲಿಲ್ಲ ಹೇಳು? ಒಂದು ಹೆಜ್ಜೆ ಆಚೆ ಇತ್ತು, ಲೆಕ್ಕಕ್ಕೆ ಬರಲ್ಲ ಅಂತ ತಾನೇ?"

ಮುದುಕ ಚಾಕು ಕೆಳಗಿಟ್ಟ. "ನಿಂಗೇನು ಗೊತ್ತು? ಹತ್ತು ವರ್ಷದ ಹಿಂದೆ ಅಳೆದು ಸಸಿ ಒಂದೂ ಇಲ್ಲ ಅಂದ್ರು. ದೇಶದೇಶದೋರು ಬಂದು ಟೋಪಿ ತೆಗೆದು ನೋಡಿದ ಕಾಡು ಕಣೇ ಇದು, ನನ್ನ ಕಾಡು! ಆವತ್ತು ಬಾರಲ್ಲಿ ಬೊಗೊಮಿರ್ ಅಂದ, 'ಲುದ್ವಿಕ್‌ಗೂ ಮಕ್ಕಳಿಲ್ಲ, ಅವನ ಕಾಡಿಗೂ ಇಲ್ಲ' ಅಂತ. ಎಲ್ಲ ನಕ್ರು. ನಾನೂ ನಕ್ಕೆ. ಏನ್ಮಾಡ್ಲಿ?"

ಬೊಗೊಮಿರ್ ಊರಿನ ಬೇಟೆಗಾರರ ಸಂಘದ ಯಜಮಾನ. ಅವನಿಗೆ ಕಾಡೆಂದರೆ ಕೊಂಬು, ಮಿಕ್ಕಿದ್ದೆಲ್ಲ ಕಸ; ಜಿಂಕೆ ಹೆಚ್ಚಿದ್ದಷ್ಟೂ ಬೇಟೆ ಹೆಚ್ಚು. ಹತ್ತು ವರ್ಷದ ಹಿಂದೆ, ಇನ್ನೊಂದು ಸಲ ಅಳೆದು ನೋಡೋಣ, ಅಲ್ಲಿವರೆಗೆ ಜಿಂಕೆ ತಂಟೆಗೆ ಬರಬೇಡಿ ಎಂದು ಗಲಾಟೆ ಮಾಡಿ ಗೆದ್ದವನು ಅವನೇ. ಮುದುಕನ ಉಣ್ಣೆಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕುರಿಗೆ ಹೂವಿನ ಹಾರ ಹಾಕುತ್ತಿದ್ದ.

"ಅವನು ನಕ್ಕ ಅಂತ ನೀನು ಅವನಿಗೇ ಕಾಡು ಬರೆದುಕೊಟ್ಟೆಯಲ್ಲ, ಬುದ್ಧಿ ಬೇಡ್ವಾ ನಿಂಗೆ!" ಯೆರಿತ್ಸಳ ದನಿ ಒಡೆಯಿತು. ಒಡೆದದ್ದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು. "ಶುಕ್ರವಾರ ಸಭೇಲಿ ನೀನೇ ಎದ್ದು ಹೇಳ್ಬೇಕು. ನಾನು ಹೇಳಿದ್ರೆ, ಅಳತೆ ಕೆಟ್ಟಿದೆ, ಲೆಕ್ಕ ಇಲ್ಲ, ಹಾಗಾಗಿ ಹಳೇದೇ ಮುಂದುವರೀಲಿ ಅಂತಾನೆ ಅವನು. ಗೂಟದಾಚೆ ಏನೂ ಇಲ್ಲ ಅಂತ ಹತ್ತು ವರ್ಷ ಕಣ್ಣಾರೆ ನೋಡ್ದೋನು ನೀನೊಬ್ನೇ."

"ಊರ ಮುಂದೆ ನಾನು ಕಳ್ಳ ಅಂತ ಹೇಳ್ಕೊಳ್ಳೋದಾ? ಆಗಲ್ಲ ಹೋಗು."

"ಹಾಗಾದ್ರೆ ಈ ಗಿಡ ನೋಡ್ಕೊಂಡು ಉಣ್ಣು."

ತಟ್ಟೆ ಮುಟ್ಟದೆ ಹೊರಟುಬಿಟ್ಟಳು. ಆ ಮನೆಯಿಂದ ಅವಳು ಉಣ್ಣದೆ ಎದ್ದು ಬಂದದ್ದು ಹುಟ್ಟಿದಾಗಿಂದ ಅದೇ ಮೊದಲು.

ಶುಕ್ರವಾರ ಅಗ್ನಿಶಾಮಕದವರ ಹಾಲ್ ತುಂಬಿತ್ತು. ಬೊಗೊಮಿರ್ ಸಸಿಗಳ ಸಂಖ್ಯೆಯನ್ನು ತನ್ನ ಮೊಮ್ಮಕ್ಕಳ ಹೆಸರು ಹೇಳುವ ಹಾಗೆ ಮೆಲುಕು ಹಾಕಿ ಓದಿದ. ಚಪ್ಪಾಳೆಯಾಯಿತು. "ನೋಡಿದ್ರಲ್ಲ, ಜಿಂಕೆ ಸಸಿ ತಿಂತಾವೆ ಅಂತ ಬೊಬ್ಬೆ ಹೊಡೀತಿದ್ರು. ಇನ್ನು ಕೈ ಎತ್ತೋಣ್ವಾ?"

ಯೆರಿತ್ಸ ಬಾಗಿಲ ಕಡೆ ನೋಡಿದಳು. ಇವನು ಬರುವುದಿಲ್ಲ, ಹೇಡಿ, ಎಂದು ಹಲ್ಲು ಕಡಿದು ತಾನೇ ಏಳಬೇಕು ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ತಾನೂ ಸದಸ್ಯನಾಗಿದ್ದ ಬೇಟೆಗಾರರ ಸಂಘದ ಹಸಿರು ಕೋಟು ತೊಟ್ಟು, ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು ಲುದ್ವಿಕ್ ಬಂದ.

"ಕೂತ್ಕೋ ಲುದ್ವಿಕ್," ಎಂದ ಬೊಗೊಮಿರ್, "ಇಂಥ ಕಾಡು ಬೆಳೆಸಿದ್ದಕ್ಕೆ ನಿನ್ನ ಸನ್ಮಾನ ಆಮೇಲೆ."

"ಸನ್ಮಾನ ನಿಮ್ಮಪ್ಪಂಗೆ ಮಾಡು." ಮುದುಕ ಚೀಲವನ್ನು ಅವನ ಮುಂದೆ ಬೋರಲು ಹಾಕಿದ. ಮೇಜಿನ ತುಂಬ ಕಂದು ಉಣ್ಣೆ, ಮೇಲೊಂದು ಕುಳ್ಳ ಗಿಡ. ಹಾಲ್ ತುಂಬ ಕುರಿ ನಾತ. "ನೀನೀಗ ಓದಿದ ಸಸಿಗಳೆಲ್ಲ ಇವು. ನಾನು ಕಟ್ಟಿದ್ದು. ಗೂಟದಿಂದ ಗೂಟಕ್ಕೆ ಹತ್ತು ವರ್ಷ ನಡೆದಿದೀನಿ. ನಡುವೆ ಎಲ್ಲೂ ಒಂದು ಫರ್ ಸಸಿ ಮೊಣಕಾಲು ದಾಟಿದ್ದು ನೋಡಿಲ್ಲ. ನಮ್ಮ ಜಿಂಕೆ ತಿಂದಿದ್ದು, ನಾನೇ ಚಳಿಗಾಲದಲ್ಲಿ ಜೋಳ ಹಾಕಿ ಸಾಕಿದ ಜಿಂಕೆ. ನಂಬದಿದ್ರೆ ಬನ್ನಿ, ಬೆಳಿಗ್ಗೆ ತೋರಿಸ್ತೀನಿ. ನಾಚಿಕೆ ಆಗತ್ತೆ ನಂಗೆ. ಅಷ್ಟೇ."

ಆಮೇಲೆ ನಡೆದ ಕೂಗಾಟಕ್ಕೆ ಹಾಲ್‌ನ ಕಿಟಕಿ ಗಾಜು ಉಳಿದದ್ದೇ ಹೆಚ್ಚು. ಒಬ್ಬ ಅವನನ್ನು ಮೋಸಗಾರ ಎಂದ, ಇನ್ನೊಬ್ಬ ಹಸಿರು ಕೋಟು ಬಿಚ್ಚು ಎಂದ. ಮುದುಕ ಬಿಚ್ಚಿ ಕುರ್ಚಿಯ ಮೇಲಿಟ್ಟ. ಕೊನೆಗೆ ಊರಿನವರೇ ತೀರ್ಮಾನಿಸಿದರು: ಹೊಸ ಜಾಗಗಳಲ್ಲಿ ಹೊಸ ಗೂಟ ಹೊಡೆದು, ಹಿಮಕ್ಕೆ ಮುಂಚೆ ಅಳೆದು, ಬಂದ ಲೆಕ್ಕಕ್ಕೆ ತಕ್ಕ ಹಾಗೆ ಜಿಂಕೆ ಹೊಡೆಯುವುದು. ಬೊಗೊಮಿರ್ ಕೂಡ ಒಪ್ಪಬೇಕಾಯಿತು.

"ಒಂದು ಷರತ್ತು," ಎಂದಳು ಯೆರಿತ್ಸ. ಕಿವಿ ಇನ್ನೂ ಕೆಂಪಾಗಿತ್ತು. "ಗೂಟ ಹೊಡೆಯೋವಾಗ ನಮ್ಮ ದೊಡ್ಡಪ್ಪ ಕಾಡಿಗೆ ಕಾಲಿಡಬಾರ್ದು."

ಕೋಟು ಬಿಚ್ಚು ಎಂದಾಗ ಅಲುಗದಿದ್ದ ಮುದುಕ ಆಗ ಅವಳ ಮುಖ ನೋಡಿದ. ಸರಿಯೆಂದು ತಲೆಯಾಡಿಸಿದ.

ಗೂಟಗಳ ಹೊರೆಯನ್ನು ಗುಡ್ಡ ಹತ್ತಿಸಲು ಅವನ ಟ್ರ್ಯಾಕ್ಟರೇ ಬೇಕಾಯಿತು. ಕಾಡಿನ ಗೇಟಿನವರೆಗೆ ತಂದು ಇಳಿಸಿಕೊಟ್ಟ. "ಇಲ್ಲೇ ಇರು, ಒಳಗೆ ಬರಬೇಡ," ಎಂದಷ್ಟೇ ಹೇಳಿ ಯೆರಿತ್ಸ ಕಚೇರಿಯಲ್ಲಿ ತನ್ನ ಜೊತೆ ಕೆಲಸ ಮಾಡುವ ಪೊಲೊನಳನ್ನು ಕರೆದುಕೊಂಡು ಹೋದಳು. ಇಬ್ಬರೂ ಗೂಟ ನಿಲ್ಲಿಸಿ ಸುತ್ತಿಗೆ ಬೀಸಿದರು. ಸುತ್ತಿಗೆ ಅವನದೇ, ಅವಳಿಗೆ ಕೊಟ್ಟದ್ದು. ಠಣ್, ಠಣ್ ಎಂದು ಕಬ್ಬಿಣದ ಸದ್ದು ಕಣಿವೆಯೆಲ್ಲ ಸುತ್ತಿ ಬಂತು.

ಮಧ್ಯಾಹ್ನದ ಹೊತ್ತಿಗೆ ಯೆರಿತ್ಸ ಸುತ್ತಿಗೆ ಎತ್ತಿದವಳು ಹಾಗೇ ನಿಂತಳು. ಅಯ್ಯೋ ಪೆದ್ದೀ! ಈ ಕಾಡಿನ ಒಂದೊಂದು ತಗ್ಗು, ಒಂದೊಂದು ಬಂಡೆ ಸದ್ದನ್ನು ಹೇಗೆ ತಿರುಗಿಸುತ್ತದೆಂದು ಆ ಮುದುಕನಿಗೆ ಬಾಯಿಪಾಠ. ಗೇಟಿನ ಬಳಿ ಕೂತೇ ಅವನು ಬೆಳಗಿಂದ ಎಲ್ಲ ಗೂಟಗಳನ್ನೂ ತಲೆಯಲ್ಲಿ ಗುರುತು ಹಾಕಿಕೊಂಡಿರುತ್ತಾನೆ. ಸುತ್ತಿಗೆ ಹಿಡಿದುಕೊಂಡೇ ಅವಳು ಇಳಿಜಾರಿನಲ್ಲಿ ದಡದಡ ಓಡಿದಳು. ಇವತ್ತು ಬಿಡುವುದಿಲ್ಲ, ಇಷ್ಟು ವರ್ಷದ ಉಪ್ಪು ಮರೆತು ಬೈದೇ ತೀರುತ್ತೇನೆ ಎಂದುಕೊಂಡೇ ಓಡಿದಳು.

ಲುದ್ವಿಕ್ ಗೇಟಿನ ಪಕ್ಕದ ದಿಮ್ಮಿಯ ಮೇಲೆ, ಕಾಡಿಗೆ ಬೆನ್ನು ಹಾಕಿ, ಊರಿನ ರಸ್ತೆ ನೋಡುತ್ತ ಕೂತಿದ್ದ.

"ದೊಡ್ಡಪ್ಪಾ!"

ಅವನು ತಿರುಗಲಿಲ್ಲ. "ದೊಡ್ಡಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಊಹೂಂ. ಹತ್ತಿರ ಹೋಗಿ ನೋಡಿದರೆ, ಟೋಪಿಯ ಕೆಳಗೆ ಎರಡೂ ಕಿವಿಗೆ ಕಂದು ಉಣ್ಣೆ. ಗಿಡಿದು ಗಿಡಿದು ತುಂಬಿಕೊಂಡಿದ್ದ, ಅರ್ಧ ಹೊರಗೆ ಜೋತಾಡುತ್ತಿತ್ತು.

ಅವಳ ನೆರಳು ಬಿದ್ದಾಗ ಮುದುಕ ಬೆಚ್ಚಿ ತಲೆಯೆತ್ತಿದ. ಕಿವುಡರು ಮಾತಾಡುವಂತೆ ಇಡೀ ಕಣಿವೆಗೆ ಕೇಳುವ ಹಾಗೆ ಕಿರುಚಿದ: "ಮುಗೀತೇನೇ? ನಂಗೇನೂ ಕೇಳಿಸಿಲ್ಲ ಕಣೇ! ಒಂದೂ ಕೇಳಿಸಿಲ್ಲ!"

ಯೆರಿತ್ಸ ಸುತ್ತಿಗೆ ಕೆಳಗಿಟ್ಟು ಅವನ ಪಕ್ಕ ದಿಮ್ಮಿಯ ಮೇಲೆ ಕೂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಮೇಲೆ ಇನ್ನೂ ಗೂಟ ಹೊಡೆಯುವುದಿತ್ತು.